ಒಂದು ಲೀಟರಿನ ರವಿವಾರ

ಪೆಟ್ರೋಲ್ ದರ ಏರಿದಾಗ ನಮ್ಮ ಕೊಪ್ಪಳದಲ್ಲಿ ಖುಷಿಪಟ್ಟ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮನೆಯವರೊಬ್ಬರೇ! ಬಂಕಿನ ಮಾಲೀಕರೂ ಅಷ್ಟು ಖುಷಿಪಟ್ಟಿರಲಿಕ್ಕಿಲ್ಲ. ಬೆಳಿಗ್ಗೆ ಪೇಪರು ನೋಡಿ ಓಣಿಯ ಗಂಡಸರೆಲ್ಲ ಸರ್ಕಾರವನ್ನು ಬೈಯುತ್ತಿದ್ದರೆ ಇವರು ಮೀಸೆಯ ಮೇಲೆ ಕೈಯಾಡಿಸಿ, "ಏರಲಿ ಬಿಡು, ಈಗ ಐತಿ ಮಜಾ" ಎನ್ನುತ್ತಿದ್ದರು. ಎದುರಾಳಿ ಕಣಕ್ಕಿಳಿದಾಗ ಪೈಲವಾನನ ಮುಖದಲ್ಲಿ ಕಾಣುವ ಕಳೆ ಅದು.

ಎದುರಾಳಿ ಪೆಟ್ರೋಲು. ಕಣವೆಂದರೆ ಕೊಪ್ಪಳದಿಂದ ಯಲಬುರ್ಗಾ ಕಡೆ ನನ್ನ ತವರಿನ ತನಕದ ರಸ್ತೆ. ಹೋಗಿ ಬರಲು ಅರವತ್ತು ಕಿಲೋಮೀಟರು. ನಮ್ಮ ಹಳೆಯ ಬೈಕು ಒಂದು ಲೀಟರಿಗೆ ನಲವತ್ತೈದು ಕಿಲೋಮೀಟರು ಓಡಿದರೆ ಅದೇ ದೊಡ್ಡದು. ಆದರೆ ಪ್ರತಿ ರವಿವಾರ ನಾವಿಬ್ಬರೂ ಒಂದೇ ಲೀಟರಿನಲ್ಲಿ ಹೋಗಿ ಬರಬೇಕೆಂದು ಅವರು ತೀರ್ಮಾನಿಸಿದ್ದರು. ಉಳಿದ ಹದಿನೈದು ಕಿಲೋಮೀಟರು ಎಲ್ಲಿಂದ ಬರಬೇಕು? "ತಲಿಯಿಂದ" ಎಂದು ತಮ್ಮ ತಲೆಗೆ ಬೆರಳು ತಟ್ಟಿ ತೋರಿಸುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಅವ್ವ. ಮದುವೆಯಾಗಿ ನನ್ನನ್ನು ಕಳಿಸಿಕೊಡುವಾಗ ಅವಳು ಅಳಿಯನ ಕೈ ಹಿಡಿದು, "ಏನೂ ಕೇಳಂಗಿಲ್ರಿ ನಿಮ್ಮನ್ನ. ವಾರಕ್ಕೊಮ್ಮಿ ನನ್ನ ಮಗಳ ಮಾರಿ ತೋರಸ್ರಿ, ಸಾಕು" ಎಂದು ಅತ್ತಿದ್ದಳು. ಮಗಳನ್ನು ಕಳಿಸುವಾಗ ಯಾವ ತಾಯಿ ಅಳುವುದಿಲ್ಲ? ಯಾವ ಅಳಿಯ "ಆತ್ರಿ" ಎನ್ನುವುದಿಲ್ಲ? ಆದರೆ ಹಾಗೆ ಅಂದ ಅಳಿಯಂದಿರಲ್ಲಿ ಅದನ್ನು ನಿಜವೆಂದು ನಂಬಿದವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಬೈಕಿನ ಮೇಲೆ ಒಂದು ರವಿವಾರವೂ ತಪ್ಪಲಿಲ್ಲ. ಮಗಳು ಹುಟ್ಟಿದಾಗ ನಾನು ತವರಿನಲ್ಲೇ ಇದ್ದೆ. ಆಗಲೂ ರವಿವಾರ ಬಂದು, ನನ್ನನ್ನು ಒಳಗಿನ ಕೋಣೆಯಿಂದ ಕರೆದು ಅವ್ವನ ಮುಂದೆ ನಿಲ್ಲಿಸಿ, "ನೋಡ್ರಿ ಅತ್ತಿಯವ್ರ, ತೋರಿಸೇನಿ" ಎಂದು ಚಹಾ ಕುಡಿದು ಹೋಗಿದ್ದರು!

ಅವರು ಮಾರುಕಟ್ಟೆ ಪ್ರಾಂಗಣದಲ್ಲಿ ದಡವಾಯಿ, ಅಂದರೆ ರೈತರ ಕಾಳಿನ ಚೀಲಗಳನ್ನು ತೂಕ ಮಾಡುವವರು. ಮೆಕ್ಕೆಜೋಳ, ಸಜ್ಜೆ, ಶೇಂಗಾ ತೂಗಿ ತೂಗಿ ಅವರ ಕಣ್ಣೇ ತಕ್ಕಡಿಯಾಗಿತ್ತು. ಮನೆಗೆ ಬಂದ ಬೀಗರನ್ನು ನೋಡಿದ ಕೂಡಲೇ "ಬರ್ರಿ ಬರ್ರಿ" ಎನ್ನುವ ಮೊದಲು ಮನಸ್ಸಿನಲ್ಲೇ ತೂಗಿಬಿಡುತ್ತಿದ್ದರು. ಬೀಗರು ಹೋದ ಮೇಲೆ ನನಗೆ ಹೇಳುತ್ತಿದ್ದರು: "ಎಂಬತ್ತೆರಡು. ಚೀಲ ಬಿಟ್ಟು."

ಇಂಥವರಿಗೆ ಪೆಟ್ರೋಲ್ ಏರಿದಾಗ ಮೊದಲು ಹೊಳೆದದ್ದು ಏನು? ತೂಕ! ಭಾರ ಕಡಿಮೆಯಾದರೆ ಪೆಟ್ರೋಲ್ ಕಡಿಮೆ. ಲೀಟರಿಗೆ ನೂರು ದಾಟಿದ ವಾರವೇ ಬೈಕನ್ನು ಮೆಕ್ಯಾನಿಕ್ ಸಾಹೇಬರ ಮುಂದೆ ನಿಲ್ಲಿಸಿ ಒಂದೊಂದೇ ಭಾಗ ಬಿಚ್ಚಿಸತೊಡಗಿದರು. ಮೊದಲು ಹಿಂದಿನ ಕ್ಯಾರಿಯರ್ ಹೋಯಿತು. ಆಮೇಲೆ ಕಾಲಿಗೆ ಪೆಟ್ಟಾಗದಂತೆ ಇದ್ದ ಮುಂದಿನ ಕಬ್ಬಿಣ, ದೊಡ್ಡ ಸ್ಟ್ಯಾಂಡು. ಕೊನೆಗೆ ಸಾಹೇಬರು ಸ್ಪ್ಯಾನರ್ ಕೆಳಗಿಟ್ಟು ಕೈಮುಗಿದರು.

"ಅಣ್ಣಾರ, ಇನ್ನ ಎರಡು ಗಾಲಿ ಉಳದಾವ್ರಿ. ಒಂದು ತಗೀಲೇನ್ರಿ?"

ಇವರು ಗಾಲಿಗಳನ್ನು ಸ್ವಲ್ಪ ಹೊತ್ತು ನೋಡಿದರು.

ಬೈಕಿನಲ್ಲಿ ತೆಗೆಯುವುದು ಮುಗಿದ ಮೇಲೆ ನನ್ನ ಸರದಿ. ಇಳಕಲ್ ಸೀರೆ ಭಾರವೆಂದು ರವಿವಾರಕ್ಕೆ ತೆಳ್ಳನೆಯ ನೈಲಾನ್ ಸೀರೆ ಗೊತ್ತಾಯಿತು. ಬೆಳಗಿನ ನಾಷ್ಟಾ ಬಂದ್. "ಉಪ್ಪಿಟ್ಟು ಹೊಟ್ಟ್ಯಾಗ ಹೊತ್ಕೊಂಡು ಮೂವತ್ತು ಕಿಲೋಮೀಟರ್ ಯಾಕ ಹೋಗೂದು? ಅಲ್ಲೇ ಹೋಗಿ ತಿಂದ್ರಾತು" ಎಂಬುದು ಅವರ ವಾದ. ಖಾಲಿ ಹೊಟ್ಟೆಯಲ್ಲಿ ತವರು ಮುಟ್ಟಿದ ನಾನು ನಾಲ್ಕು ರೊಟ್ಟಿ ತಿನ್ನುವುದನ್ನು ನೋಡಿ ನನ್ನ ಅತ್ತಿಗೆ ಅವ್ವನ ಕಿವಿಯಲ್ಲಿ, "ಅಳಿಯಂದ್ರು ಮನ್ಯಾಗ ಊಟಕ್ಕ ಹಾಕ್ತಾರೋ ಇಲ್ಲೋ ಕೇಳ್ರಿ" ಎಂದಳಂತೆ.

ತೊಂದರೆ ಇದ್ದದ್ದು ಮರಳಿ ಬರುವಾಗ. ತವರಿನಿಂದ ಬರಿಗೈಯಲ್ಲಿ ಕಳಿಸುವ ತಾಯಿ ಯಾರಿದ್ದಾರೆ? ಜೋಳದ ಹಿಟ್ಟು, ಶೇಂಗಾ ಚಟ್ನಿ, ಮಡಿಕೆಯಲ್ಲಿ ಮೊಸರು. ಒಂದು ರವಿವಾರ ಇವರು ಚೀಲವನ್ನು ಒಂದೇ ಕೈಯಲ್ಲಿ ಎತ್ತಿ, "ಆರೂಕಾಲು ಕೆಜಿ. ಅತ್ತಿಯವ್ರ, ಬ್ಯಾಡ್ರಿ, ಇಲ್ಲೇ ತಿಂದು ಮುಗಸ್ತೀವಿ" ಎಂದು ಮೊಸರಿನ ಮಡಿಕೆಯ ಮುಂದೆ ಕುಳಿತರು. ನಿಜವಾಗಿಯೂ ಮುಗಿಸಿದರು! ದಾರಿಯಲ್ಲಿ ನಾನು ಹಿಂದಿನಿಂದ ಕೇಳಿದೆ.

"ಅಲ್ರಿ, ಚೀಲದಾಗಿದ್ರೂ ಅಷ್ಟ, ಹೊಟ್ಟ್ಯಾಗಿದ್ರೂ ಅಷ್ಟ. ಭಾರ ಭಾರಾನ ಅಲ್ಲೇನ್ರಿ?"

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ನಾಲ್ಕು ಕಿಲೋಮೀಟರು ಮಾತಾಡದೆ ಗಾಡಿ ಓಡಿಸಿದ್ದು ಅವತ್ತು ಮಾತ್ರ.

ಇಳಿಜಾರು ಬಂದರೆ ಇಂಜಿನ್ ಬಂದ್ ಮಾಡುತ್ತಿದ್ದರು. ಬ್ರೇಕು ಹಿಡಿಯುವುದಂತೂ ಮಹಾಪಾಪ. "ಪೆಟ್ರೋಲ್ ಸುಟ್ಟು ಓಟ ತಂದೀವಿ, ಅದನ್ನ ಬ್ರೇಕ್ ಒತ್ತಿ ಕೊಲ್ಲೂದೇನು?" ಸದ್ದಿಲ್ಲದೆ ಜಾರುವ ನಮ್ಮ ಗಾಡಿ ಒಂದು ಸಲ ಕುರಿಯ ಹಿಂಡಿನ ನಡುವೆಯೇ ಹೋಗಿ ನಿಂತಿತು. ಕುರಿಗಳು ಮೂರು ದಿಕ್ಕಿಗೆ ಓಡಿದವು.

"ಹಾರ್ನರ ಹೊಡೀಬಾರ್ದೇನ್ರಿ ಯಜಮಾನ್ರ!" ಎಂದು ಕುರಿ ಕಾಯುವವ ಕೂಗಿದ.

"ಹಾರ್ನಿಗೆ ಬ್ಯಾಟ್ರಿ ಬೇಕು, ಬ್ಯಾಟ್ರಿ ತುಂಬಾಕ ಇಂಜಿನ್ ಬೇಕು, ಇಂಜಿನ್ನಿಗೆ ಪೆಟ್ರೋಲ್ ಬೇಕು" ಎಂದು ಇವರು ಪಾಠ ಮಾಡತೊಡಗಿದರು. ಮುಂದಿನ ವಾರದಿಂದ ಹಾರ್ನ್ ನಾನೇ ಆದೆ. ಇಳಿಜಾರು ಬಂದರೆ ಸಾಕು, ಹಿಂದಿನ ಸೀಟಿನಿಂದ "ಸರೀರೀ... ಸರೀರಪೋ..." ಎಂದು ಒದರುವುದು ನನ್ನ ಕೆಲಸ. ಓಣಿಯಲ್ಲಿ ಮೆತ್ತಗೆ ಮಾತಾಡುವವಳೆಂದು ಹೆಸರಾಗಿದ್ದ ನಾನು ಆ ದಾರಿಯ ಊರುಗಳಲ್ಲಿ ಹೇಗೆ ಹೆಸರಾದೆನೋ ದೇವರಿಗೇ ಗೊತ್ತು!

ಇಷ್ಟಾದರೂ ಲೀಟರು ಸಾಲಲಿಲ್ಲ. ಆಗ ಅವರ ಕಣ್ಣು ಬಿದ್ದದ್ದು ಗುಡ್ಡದ ಮೇಲಿನ ಗಾಳಿಯಂತ್ರಗಳ ಮೇಲೆ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಎಲ್ಲಿ ನೋಡಿದರೂ ಬಿಳಿ ಕಂಬ, ಮೇಲೆ ಮೂರು ರೆಕ್ಕೆ. ಆಷಾಢದ ಒಂದು ರವಿವಾರ ಮೊದಲನೆಯ ಕಂಬ ಕಾಣುವಲ್ಲಿ ಗಾಡಿ ನಿಲ್ಲಿಸಿ, "ನೋಡು, ಫ್ಯಾನು ನಿಮ್ಮೂರ ಕಡೆ ಮಾರಿ ಮಾಡ್ಯಾವು. ಅಂದ್ರ ಗಾಳಿ ಆ ಕಡೆ ಬೀಸಾಕತ್ತಾವು. ಗಾಳೀನ ನಮ್ಮನ್ನ ದೂಡ್ಕೊಂಡು ಒಯ್ತೈತಿ" ಎಂದರು. ಮನೆಯ ಟೇಬಲ್ ಫ್ಯಾನು ಯಾವ ಕಡೆ ಮುಖ ಮಾಡುತ್ತದೋ ಆ ಕಡೆ ತಾನೇ ಗಾಳಿ ಬಿಡುವುದು? ಏಳನೆಯ ಇಯತ್ತೆ ಕಲಿತ ನನಗೂ ಅದು ಸರಿ ಅನಿಸಿತು.

ಅಂದಿನಿಂದ ಒಂದು ತಿಂಗಳು ಫ್ಯಾನಿನ ಮುಖ ನೋಡಿಯೇ ಪ್ರಯಾಣ. ಅದು ಬೇರೆ ಕಡೆ ತಿರುಗಿದ್ದರೆ ಬೇವಿನ ಮರದ ಕೆಳಗೆ ಕುಳಿತು ಕಾಯುವುದು. ತವರಿನ ಕಡೆ ತಿರುಗಿದ ಕೂಡಲೇ "ಹತ್ತು, ಹತ್ತು" ಎಂದು ಹೊರಡುವುದು. ಆದರೆ ಆಶ್ಚರ್ಯ! ದೂಡಬೇಕಾದ ಗಾಳಿ ಎದೆಗೇ ಬಡಿಯುತ್ತಿತ್ತು. ನೈಲಾನ್ ಸೀರೆಯ ಸೆರಗು ಹಿಂದಕ್ಕೆ ಪಟಪಟ ಹಾರುತ್ತಿತ್ತು. ನಾಲ್ಕನೆಯ ವಾರ ಹೋಗುವಾಗಲೇ ಪೆಟ್ರೋಲ್ ಮುಗಿದು ಗಾಡಿ ನಿಂತಿತು. ಇವರು ಸೊಂಟದ ಮೇಲೆ ಕೈಯಿಟ್ಟು ಫ್ಯಾನನ್ನೇ ಬೈಯತೊಡಗಿದರು. ಅಲ್ಲಿ ಕಾವಲು ಕಾಯುವ ಮುದುಕ ಬೀಡಿ ಆರಿಸಿ ಹತ್ತಿರ ಬಂದ.

"ಅವು ಗಾಳಿ ಬಿಡೂ ಫ್ಯಾನ್ ಅಲ್ರಿ, ಗಾಳಿ ತಿನ್ನೂ ಫ್ಯಾನು. ಗಾಳಿ ಎತ್ತಿಂದ ಬರ್ತೈತೋ ಅತ್ತ ಮಾರಿ ಮಾಡಿ ನಿಂದರ್ತಾವು."

ಅಂದರೆ ಒಂದು ತಿಂಗಳು ನಾವು ಮರದ ಕೆಳಗೆ ಕುಳಿತು, ಕಾದು, ಸರಿಯಾಗಿ ಎದುರುಗಾಳಿ ಬರುವ ಹೊತ್ತನ್ನೇ ಹುಡುಕಿ ಹುಡುಕಿ ಹೊರಡುತ್ತಿದ್ದೆವು! ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಇವರು ಚಪ್ಪಾಳೆ ತಟ್ಟಿದರು. "ಹಂಗಾರ ಬರೂವಾಗ ಲಾಭ!" ಅಂದು ತವರಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮರಳುವಾಗ ನನ್ನ ಕೈಗೆ ಛತ್ರಿ ಕೊಟ್ಟು, ಬಿಚ್ಚಿ ಬೆನ್ನ ಹಿಂದೆ ಹಿಡಿಯಲು ಹೇಳಿದರು. ಒಂದು ಫರ್ಲಾಂಗು ನಾವು ನಿಜಕ್ಕೂ ಹಾರಿದೆವು. ಆಮೇಲೆ ಛತ್ರಿ ಒಂದೇ ಹಾರಿತು. ಯಾರದೋ ಮೆಕ್ಕೆಜೋಳದ ಹೊಲದಲ್ಲಿ ಅದನ್ನು ಹುಡುಕಲು ಅರ್ಧ ತಾಸು ಹಿಡಿಯಿತು.

ನಗುವುದು ಒಂದು ಕಡೆ. ಮನೆ ನಡೆಸುವವಳು ನಾನು. ಪೆಟ್ರೋಲ್ ಏರಿದರೆ ಪೆಟ್ರೋಲ್ ಕುಡಿಯದ ಸಾಮಾನೂ ಏರುತ್ತದೆ. ಮೆಂತ್ಯೆ ಸೊಪ್ಪಿನವಳನ್ನು ಕೇಳಿದರೆ, "ಅಕ್ಕಾರ, ಸೊಪ್ಪೇನು ಗಂಗಾವತಿಯಿಂದ ನಡಕೋತ ಬರ್ತೈತೇನ್ರಿ?" ಎಂದಳು. ಹಾಲು ಅರ್ಧ ಲೀಟರಿಗೆ ಇಳಿಯಿತು, ಸಂಜೆಯ ಚಹಾ ನಿಂತಿತು. ಇವರು ಆರು ದಿನ ಮಾರುಕಟ್ಟೆಗೆ ನಡೆದೇ ಹೋಗುತ್ತಿದ್ದರು. ಬೈಕಿಗೆ ಹಳೆಯ ಕೌದಿ ಹೊದಿಸಿ ರವಿವಾರಕ್ಕೆಂದು ಇಡುತ್ತಿದ್ದರು. ಒಂದು ದಿನ ಅವರ ಚಪ್ಪಲಿಯ ಹಿಮ್ಮಡಿ ಪೂರ ಸವೆದದ್ದು ಕಂಡು ನಾನೇ ಹೇಳಿದೆ.

"ತಿಂಗಳಿಗೊಮ್ಮಿ ಹೋದ್ರ ಸಾಕ್ರಿ. ಅವ್ವ ಏನೂ ಅನ್ನಂಗಿಲ್ಲ."

"ನಿಮ್ಮವ್ವ ಅನ್ನಂಗಿಲ್ಲ, ಖರೆ. ತೂಕ ಒಮ್ಮೆ ಹೇಳಿದ ಮ್ಯಾಲೆ ದಡವಾಯಿ ಬದಲಿ ಮಾಡಂಗಿಲ್ಲ."

ಅಷ್ಟರಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಪೆಟ್ರೋಲ್ ಮಾಡದ ಆಘಾತವನ್ನು ಆ ಸುದ್ದಿ ಇವರಿಗೆ ಮಾಡಿತು! ಓಣಿಯವರೆಲ್ಲ ಬಂದು ಹೇಳಿದ್ದೇ ಹೇಳಿದ್ದು: "ಇನ್ಯಾಕ್ರಿ ತ್ರಾಸು? ಆಕೀನ ಬಸ್ಸಿಗೆ ಹತ್ತಿಸಿಬಿಡ್ರಿ." ಇವರು ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟರು. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ, ನಿಂತರೆ ಕಾಲು ಬೇನೆ, ಬೇನೆಗೆ ಗುಳಿಗೆ, ಗುಳಿಗೆಯ ಖರ್ಚು ಪೆಟ್ರೋಲಿಗಿಂತ ಹೆಚ್ಚು! ಕೊನೆಗೆ ನಾನೇ ಪಟ್ಟು ಹಿಡಿದೆ.

"ಒಂದು ಹನಿ ಪೆಟ್ರೋಲ್ ಸುಡದೇ, ಅವ್ವ ನನ್ನ ಮಾರಿ ನೋಡ್ತಾಳ. ನಿಮಗೇನ್ ತಕರಾರು?"

"ತೋರಸ್ತೀನಿ ಅಂದಾಂವ ನಾನು. ಸರ್ಕಾರ ತೋರಸ್ತೈತಿ ಅಂದಿದ್ನೇನು?"

"ಅದಿರ್ಲಿ. ಖರೆ ಹೇಳ್ರಿ."

ಅವರು ಬೈಕಿನ ಸೀಟನ್ನು ಅರಿವೆಯಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಐತವಾರ ನಾ ಒಬ್ಬನ ಮನ್ಯಾಗ ಕುಂತು ಏನ್ ಮಾಡ್ಲಿ?" ಎಂದರು.

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ಆ ಮಾತು ನಾವು ಎತ್ತಲಿಲ್ಲ. ಬೈಕಿನ ಮೇಲೆಯೇ ಹೋಗುತ್ತಿದ್ದೆವು.

ಒಂದು ಲೀಟರಿನಲ್ಲಿ ಹೋಗಿ ಬಂದದ್ದು ಒಂದೇ ಸಲ. ಯುಗಾದಿ ಮುಗಿದ ಮೇಲಿನ ರವಿವಾರ. ಮನೆಯ ಮುಂದೆ ಬಂದು ಇಂಜಿನ್ ಕೆಮ್ಮಿ ನಿಂತಿತು. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ, ಇಡೀ ಓಣಿಗೆ ಕೇಳುವಂತೆ "ಗೆದ್ದೆ!" ಎಂದು ಕೂಗಿದರು. ಅದರ ಮುಂದಿನ ಮಂಗಳವಾರ ಮಾರುಕಟ್ಟೆಯಲ್ಲಿ ಮಧ್ಯಾಹ್ನ, ಚೀಲಕ್ಕೆ ಬೆನ್ನು ಹಚ್ಚಿ ಕುಳಿತವರು ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು.

ಕುಷ್ಟಗಿಗೆ ಕೊಟ್ಟ ಮಗಳು ಬಂದು ಹದಿನೈದು ದಿನ ಇದ್ದು ಹೋದಳು. ಮಣ್ಣು ಕೊಡಲು ಬಂದ ಅವ್ವನನ್ನು ಅಣ್ಣ ಅಂದೇ ಕರೆದುಕೊಂಡು ಹೋಗಿದ್ದ. ರವಿವಾರ ಬಂತು. ನಾನು ಹೋಗಲಿಲ್ಲ. ಬಸ್ ನಿಲ್ದಾಣ ಹತ್ತಿರವೇ ಇದೆ, ಟಿಕೆಟ್ಟಿಗೆ ರೊಕ್ಕ ಬೇಡ. ಆದರೂ ಕಾಲು ಏಳಲಿಲ್ಲ. ಮೂರು ರವಿವಾರ ಹಾಗೇ ಹೋದವು. ಬಂದು ಕರೆದೊಯ್ಯುತ್ತೇನೆಂದು ಅಣ್ಣ ಫೋನು ಮಾಡಿದ. ಬೇಡ ಎಂದೆ.

ನಾಲ್ಕನೆಯ ರವಿವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅವ್ವ! ಎಪ್ಪತ್ತು ದಾಟಿದವಳು, ಒಬ್ಬಳೇ ಬಸ್ಸು ಹತ್ತಿದ್ದೇ ಇಲ್ಲದವಳು, ಕೋಲು ಊರಿಕೊಂಡು ನಿಂತಿದ್ದಳು. ಒಳಗೆ ಕರೆತಂದು ಕೂಡಿಸಿದರೆ ಮೊಣಕಾಲು ಒತ್ತಿಕೊಳ್ಳತೊಡಗಿದಳು.

"ಬಸ್ಸಿನ್ಯಾಗ ಸೀಟು ಸಿಗಲಿಲ್ಲೇನ ಬೇ?"

"ಸೀಟು ಖಾಲಿ ಇದ್ವು. ಕಂಡಕ್ಟರ ರೊಕ್ಕ ಇಸ್ಕೊಳ್ಳಲಿಲ್ಲ. ರೊಕ್ಕ ಕೊಡದ ಹ್ಯಾಂಗ ಕುಂದ್ರೂದು ಅಂತ ನಿಂತ ಬಂದೆ."

ಒಂದು ತಿಂಗಳಿಂದ ನಗದಿದ್ದ ನಾನು ನಕ್ಕೆ. ನಗುತ್ತ ನಗುತ್ತ ಅದು ಅಳು ಆಯಿತು. ಅವ್ವ ಸಮಾಧಾನ ಮಾಡಲಿಲ್ಲ. ಅದು ಮುಗಿಯುವ ತನಕ ಕಾದಳು. ಆಮೇಲೆ ನನ್ನ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಅಳಿಯ ಕೊಟ್ಟ ಮಾತು ಐತಿ. ಅಂವ ಬರೂ ಹಂಗಿಲ್ಲ. ಅದಕ್ಕ ನಾ ಬಂದೆ" ಎಂದಳು. "ಮುಂದಿನ ಐತವಾರ ನೀ ಬಾ. ಅದರ ಮುಂದಿನ ಐತವಾರಕ್ಕ ಮತ್ತ ನಾ ಬರ್ತೀನಿ."

ಹೂಂ ಅಂದೆ. ಗದ್ದ ಹಿಡಿದ ಕೈಯನ್ನು ಅವ್ವ ಇನ್ನೂ ಬಿಟ್ಟಿರಲಿಲ್ಲ.