ಮಾವನ ಬದನೆಯ ವಂಶಾವಳಿ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಬದನೆಗಿಡಗಳೇ ಹತ್ತಿರದ ಸಂಬಂಧಿಕರು! ನನ್ನ ಹೆಸರು ಆಗಾಗ ಮರೆಯುತ್ತಾರೆ. ಯಾವ ಗಿಡದ ಅಜ್ಜಿ ಯಾವುದು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾರೆ.

ಕಂಪ್ಲಿಯ ಕಾಲುವೆ ಪಕ್ಕ ಅವರದೊಂದು ತುಂಡು ಹೊಲ. ಗೊಂಚಲು ಗೊಂಚಲಾಗಿ ಬಿಡುವ ಸಣ್ಣ ಮುಳ್ಳುಬದನೆಗೂ, ಗಿಡಕ್ಕೆ ನಾಲ್ಕೇ ಬಿಡುವ ದಪ್ಪ ಬದನೆಗೂ ಅಲ್ಲಿ ಕೈಯಾರೆ ಪರಾಗ ಹಚ್ಚಿ ಮದುವೆ ಮಾಡಿಸುತ್ತಿದ್ದರು. ಕಾಯಿ ದಪ್ಪಗೂ ಇರಬೇಕು, ಗೊಂಚಲೂ ಬಿಡಬೇಕು. ಏನು ಆಸೆ! ಅತ್ತೆ ಪಲ್ಯಕ್ಕೆ ಕೈ ಚಾಚಿದರೆ, "ಅದು ಬೀಜದ್ದು, ಮುಟ್ಟಬ್ಯಾಡ!" ಹೊಲದ ತುಂಬ ಬದನೆ ಇಟ್ಟುಕೊಂಡು ಆಕೆ ಸಂತೆಯಲ್ಲಿ ಬದನೆ ಕೊಳ್ಳುತ್ತಿದ್ದಳು.

ನನಗೆ ಹೆಣ್ಣು ನೋಡಲು ಮಾವ ಸಂಡೂರಿಗೂ ಬಂದಿದ್ದರು. ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಹುಡುಗಿಯ ಅಪ್ಪನಿಗೆ, "ನಿಮ್ಮ ತಾಯಿ ಕಡೆಯವ್ರ ಎತ್ತರ ಹೆಂಗ್ರಿ?" ಅಂದರು. ಸಂಬಂಧ ಮುರಿಯಿತು. "ಗಿಡ್ಡಕ್ಕ ಗಿಡ್ಡ ಸೇರಿದ್ರ ಏನ್ ಬರ್ತಿತ್ತಲೇ?" ಅಂತ ನನಗೇ ಸಮಾಧಾನ!

ಹೋದ ವರ್ಷ ಅವರ ಮಿಶ್ರತಳಿ ಗೆದ್ದಿತು. ಗಿಡಗಿಡದಲ್ಲೂ ದಪ್ಪ ಕಾಯಿಯ ಗೊಂಚಲು. ಬೀಜ ಕೇಳಿದೆ.

"ಬ್ಯಾಡಲೇ. ಇದು ಮೊದಲ ಪೀಳಿಗಿ, ಎಲ್ಲಾ ಒಂದಾ ಥರ ಕಾಣ್ತಾವ. ಇವುಗಳ ಮಕ್ಕಳು ಒಂದೊಂದು ಒಂದೊಂದು ಹಾದಿ ಹಿಡೀತಾವ. ಇನ್ನೂ ಐದಾರು ಪೀಳಿಗಿ ಆರಿಸ್ಬೇಕು."

ಕೇಳಿದೆನೇ? ನಾಲ್ಕು ಹಣ್ಣು ಕದ್ದು, ಮರಿಯಮ್ಮನಹಳ್ಳಿಯ ನನ್ನ ಹೊಲದಲ್ಲಿ ಸಸಿ ಹಚ್ಚಿದೆ. ಒಂದು ಗಿಡ ಇದ್ದಂತೆ ಇನ್ನೊಂದಿಲ್ಲ. ಎಷ್ಟೋ ಗಿಡಗಳಲ್ಲಿ ಗೋಲಿಯಂಥ ನಾಲ್ಕೇ ಕಾಯಿ. ಅಪ್ಪನ ಕಡೆಯದೂ ಅವ್ವನ ಕಡೆಯದೂ ಕೆಟ್ಟದ್ದನ್ನೇ ಆರಿಸಿಕೊಂಡಿದ್ದವು, ಥೇಟ್ ನನ್ನ ಹಾಗೆ!

ಹೊಸಪೇಟೆ ಮಾರುಕಟ್ಟೆಯಲ್ಲಿ ದಲಾಲಿ ನನ್ನ ಮಾಲು ನೋಡಿ ನಕ್ಕ. ಸಂತೆಗೆ ಬಂದಿದ್ದ ಮಾವ ಅಲ್ಲೇ ನಿಂತಿದ್ದರು. ಕದ್ದವನು ನಾನು, ಸಿಟ್ಟು ಅವರ ಮೇಲೆ. "ಮಕ್ಕಳಾಗದವ್ರ ಕೈಯಾನ ಬೀಜ ಹೆಂಗ ಫಲ ಕೊಟ್ಟೀತು!" ಅಂದುಬಿಟ್ಟೆ. ದೋಷ ಮಾವನದೇ ಅಂತ ಬಳಗಕ್ಕೆಲ್ಲ ಗೊತ್ತಿತ್ತಲ್ಲ! ಹತ್ತು ಮಂದಿ ಕೇಳಿಸಿಕೊಂಡರು. ಮಾವ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದರು.

ಮೂರನೇ ದಿನ ತಪ್ಪಾಯಿತು ಅನ್ನಲು ಕಂಪ್ಲಿಗೆ ಹೋದೆ. ಅತ್ತೆ ಒಬ್ಬಳೇ ಇದ್ದಳು. ಬೈಯಲಿಲ್ಲ. ದನಿ ತಗ್ಗಿಸಿ ಅಂದಳು:

"ದೋಷ ನಂದು ತಮ್ಮಾ. ಡಾಕ್ಟರು ಅವತ್ತ ಹೇಳಿದ್ರು. ನಿಮ್ಮ ಮಾವ ಆಸ್ಪತ್ರಿ ಮೆಟ್ಟಿಲ ಮ್ಯಾಲ ನನ್ನ ಕೈ ಹಿಡ್ಕೊಂಡು, 'ಯಾರ ಕೇಳಿದ್ರೂ ನಂದ ಅಂತ ಹೇಳು' ಅಂದ್ರು. ನಿಮ್ಮ ಅಜ್ಜಿ ಮುಂದೂ ಹಂಗ ಹೇಳಿದ್ರು. ಮೂವತ್ತು ವರ್ಷ ಆತು."

ಅಷ್ಟರಲ್ಲಿ ಮಾವ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಬಿಸಿಲಾಗ ಬಂದಾನ ಹುಡುಗ. ಮಜ್ಜಿಗಿ ಕೊಟ್ಟೀಯಿಲ್ಲೋ?"