ಅರ್ಜೆಂಟಾಗಿ ಒಂದು ಗೂನು ಬೇಕಿತ್ತು

ಭಾನುವಾರ ಬೆಳಿಗ್ಗೆ ಅಂಗಡಿಯ ಷಟರನ್ನು ಅರ್ಧ ಎತ್ತುವಷ್ಟರಲ್ಲೇ ನವಾಜನ ಫೋನು ಬಡಿದುಕೊಳ್ಳತೊಡಗಿತು.

"ಹಲೋ, ನವಾಜ್ ಕುಶನ್ ವರ್ಕ್ಸಾ? ನಾನು ಭದ್ರಾವತಿಯಿಂದ ಸತೀಶ್ ಅಂತ, ನಾಟಕದ ಡೈರೆಕ್ಟರು. ಅರ್ಜೆಂಟಾಗಿ ಒಂದು ಗೂನು ಬೇಕಿತ್ತು."

ನವಾಜ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ಅದರ ಮುಖ ನೋಡಿ, ಮತ್ತೆ ಕಿವಿಗೆ ಇಟ್ಟುಕೊಂಡ. "ಏನು ಬೇಕಿತ್ತು ಅಂದ್ರಿ?"

"ಗೂನು ಸಾರ್, ಗೂನು! ಬೆನ್ನ ಮೇಲೆ ಇರುತ್ತಲ್ಲ, ಅದು. ನಮ್ಮದನ್ನ ಇಲಿ ತಿಂದು ಹಾಕಿದೆ. ಮಧ್ಯಾಹ್ನವೇ ಸ್ಪರ್ಧೆ. ಫೋಮ್ ಕೆಲಸದಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ ಅಂತ ಎಲ್ರೂ ಹೇಳಿದ್ರು. ನಿಮಗೆ ಗೂನಿನ ಬಗ್ಗೆ ಸ್ವಲ್ಪ ಐಡಿಯಾ ಇದೆಯಾ?"

"ಸ್ವಲ್ಪ ಇದೆ," ಎಂದ ನವಾಜ್.

ಐಡಿಯಾ ಇಲ್ಲದೆ ಏನು! ಅವನು ಹೈಸ್ಕೂಲಿಗೆ ಸೇರಿದ ವರ್ಷ, ಎದುರಿಗೆ ಲಾರಿ ಬಂದಾಗ ಸೈಕಲ್ಲು ಪಕ್ಕಕ್ಕೆ ಸರಿಯುವಂತೆ, ಅವನ ಬೆನ್ನುಮೂಳೆ ಬಲಕ್ಕೆ ಸರಿಯಲು ಶುರುಮಾಡಿತ್ತು. ಲಾರಿ ಹೋದ ಮೇಲೂ ಅದು ದಾರಿಗೆ ಬರಲಿಲ್ಲ. ಬೆನ್ನಿನ ಬಲಭಾಗ ಉಬ್ಬಿ, ಬಲಭುಜ ಯಾವಾಗಲೂ ಏನೋ ಗುಟ್ಟು ಹೇಳಲು ಕಿವಿಯ ಹತ್ತಿರಕ್ಕೆ ಬಂದಂತೆ ಕಾಣುತ್ತಿತ್ತು. ಡಾಕ್ಟರು ಅದಕ್ಕೆ ಸ್ಕೋಲಿಯೋಸಿಸ್ ಎಂದು ಹೆಸರು ಹೇಳಿದ್ದರು. ನವಾಜ್ ಹೆಸರನ್ನು ಬಾಯಿಪಾಠ ಮಾಡಿ, ಉಳಿದ ಚಿಂತೆಯನ್ನು ಡಾಕ್ಟರಿಗೇ ಬಿಟ್ಟುಬಂದಿದ್ದ. ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿ ಬೈಕುಗಳ ಸೀಟು ಹೊಲಿಯುವ ಅವನ ಅಂಗಡಿಗೆ ಬಂದ ಗಿರಾಕಿ ಯಾರಾದರೂ "ಪಾಪ" ಎಂಬ ಮುಖ ಮಾಡಿದರೆ, "ನೇರ ರಸ್ತೆ ನೋಡೋಕೆ ಯಾರಾದ್ರೂ ಟೂರು ಹೋಗ್ತಾರಾ ಸಾರ್? ಆಗುಂಬೆ ತಿರುವು ನೋಡೋಕೆ ಹೋಗ್ತಾರೆ," ಎಂದುಬಿಡುತ್ತಿದ್ದ.

ಅವನಿಗೆ ಆಗದಿದ್ದದ್ದು ಒಂದೇ. ಸಿನಿಮಾ, ನಾಟಕ, ಸೀರಿಯಲ್ಲು, ಯಾವುದರಲ್ಲೇ ಆಗಲಿ, ಗೂನು ಇರುವವನು ಬಂದನೆಂದರೆ ಹಿಂದಿನಿಂದ ಢಂ ಢಂ ಎಂದು ಸಂಗೀತ. ಒಂದೋ ಅವನು ಹಾಲಿಗೆ ವಿಷ ಹಾಕಬೇಕು, ಇಲ್ಲವೇ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬೀಳಬೇಕು. ಥಿಯೇಟರಿನಲ್ಲಿ ಆ ಢಂ ಢಂ ಬಂದಾಗಲೆಲ್ಲ ಮುಂದಿನ ಸಾಲಿನವರು ಮೆಲ್ಲಗೆ ತಿರುಗಿ ನವಾಜನನ್ನು ನೋಡುತ್ತಿದ್ದರು. ಶಾಲೆಯ ನಾಟಕಗಳಲ್ಲೂ ಕೆಟ್ಟ ಮಂತ್ರಿ, ಕೆಟ್ಟ ಮಾಂತ್ರಿಕ, ಕೆಟ್ಟ ಚಿಕ್ಕಪ್ಪ ಎಲ್ಲ ಅವನೇ.

ಅಂಗಡಿಯ ಮುಂದೆ ಹೂ ಮಾರುವ ಕಾಶಮ್ಮ ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. "ಮಾಡಿಕೊಡಬೇಡ ಕಣೋ ನವಾಜಾ. ಅವರಿಗೆ ಬೇಕಾದ್ರೆ ದಿಂಬು ಕಟ್ಕೊಳ್ಳಲಿ," ಎಂದಳು.

"ದಿಂಬು ಕಟ್ಕೊಂಡೇ ನಮ್ಮ ಮರ್ಯಾದೆ ತೆಗೀತಾ ಇರೋದು ಕಾಶಕ್ಕ. ಮೂಟೆ ಹೊತ್ತ ಹಮಾಲರ ಥರ ಕಾಣ್ತಾರೆ. ಒಂದ್ಸಲನಾದ್ರೂ ಸರಿಯಾಗಿರೋ ಗೂನು ಏನು ಅಂತ ಜನ ನೋಡ್ಲಿ."

ಹಾಗೆ ಹೇಳಿ, ಕನ್ನಡಿಗೆ ಬೆನ್ನು ತಿರುಗಿಸಿ ಕುಳಿತು, ಭುಜದ ಮೇಲಿಂದ ನೋಡಿಕೊಂಡು ನೋಡಿಕೊಂಡು ಫೋಮು ಕತ್ತರಿಸಿದ. ತಿಂಡಿ ಡಬ್ಬಿ ಹಿಡಿದು ಬಂದ ಅವನ ತಾಯಿ ರೋಶನ್ ಬೀ ಬಾಗಿಲಲ್ಲೇ ನಿಂತಳು.

"ಯಾ ಅಲ್ಲಾ! ಇರೋದು ಸಾಲದು ಅಂತ ಇನ್ನೊಂದಾ?"

"ಇದು ಭದ್ರಾವತಿಗೆ ಅಮ್ಮಿ."

"ಅವರಿಗೆ ಯಾಕಂತೆ?" ಎಂದು ಆಕೆ ಕೇಳಿದ್ದಕ್ಕೆ ಉತ್ತರ ಹೇಳಲು ಪುರಸೊತ್ತಿರಲಿಲ್ಲ. ಇಡ್ಲಿಯನ್ನು ಬಾಯಿಗೆ ತುರುಕಿಕೊಂಡು ನವಾಜ್ ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್ಸು ತುಂಬಿ ತುಳುಕುತ್ತಿತ್ತು. ಕಂಬಿ ಹಿಡಿಯಲು ಎರಡೂ ಕೈ ಬೇಕಿದ್ದರಿಂದ ಅವನು ಫೋಮಿನ ಗೂನನ್ನು ಅದರ ಪಟ್ಟಿಗಳಿಂದ ಎದೆಗೆ ನೇತುಹಾಕಿಕೊಂಡ. ಹಿಂದೊಂದು, ಮುಂದೊಂದು. ಕಂಡಕ್ಟರು ಹತ್ತಿರ ಬಂದವನು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಲಗೇಜಿಗೆ ಟಿಕೆಟ್ ತಗೋಬೇಕು."

"ಮುಂದಿನದಕ್ಕೆ ಕೊಡಿ. ಹಿಂದಿನದಕ್ಕೆ ಸರ್ಕಾರದ ಪಾಸೇ ಇದೆ," ಎಂದ ನವಾಜ್.

ಕಂಡಕ್ಟರು ನಗಬೇಕೋ ಬೇಡವೋ ತಿಳಿಯದೆ ಮುಂದೆ ಹೋದ. ಅಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸಿನ ತೊಡೆಯ ಮೇಲಿದ್ದ ಮಗು ಆ ಮೆತ್ತನೆಯ ಫೋಮಿಗೆ ತಲೆಯಾನಿಸಿ ನಿದ್ದೆಹೋಯಿತು. ಜೊಲ್ಲು ಸುರಿಯತೊಡಗಿತು. ಎಬ್ಬಿಸಲು ನವಾಜನಿಗೆ ಮನಸ್ಸು ಬರಲಿಲ್ಲ. ತಾನು ಇಳಿಯಬೇಕಾದ ಸ್ಟಾಪು ಕಣ್ಣೆದುರೇ ಹಿಂದಕ್ಕೆ ಸರಿದುಹೋಯಿತು. ಕೊನೆಯ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ವಾಪಸು ನಡೆದು, ನ್ಯೂಟೌನಿನ ಸಭಾಭವನ ಮುಟ್ಟುವಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗೂನನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

"ನಾನು ನವಾಜ್..." ಎಂದು ಬಾಗಿಲಲ್ಲಿ ಹೇಳುವಷ್ಟರಲ್ಲೇ, ಕೊರಳಿಗೆ ಟವೆಲ್ಲು ಸುತ್ತಿಕೊಂಡ ಸತೀಶ್ ಓಡಿಬಂದು ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೆನ್ನ ಹಿಂದೆ ನಿಂತು ಕೈ ಎರಡನ್ನೂ ಎತ್ತಿದ.

"ಏನ್ ಕೈಚಳಕ ಮಾರಾಯ್ರೆ! ಹಾಕ್ಕೊಂಡೇ ಬಂದುಬಿಟ್ರಾ! ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅಂತಾನೇ ಗೊತ್ತಾಗ್ತಿಲ್ಲ. ಬಿಚ್ಚಿ, ಬಿಚ್ಚಿ, ಟೈಮಿಲ್ಲ."

"ಅದನ್ನ ಬಿಚ್ಚೋಕೆ ಬರಲ್ಲ ಸಾರ್."

"ಯಾಕೆ, ಜಿಪ್ ಹಾಕಿಲ್ವಾ?"

"ಜಿಪ್ ಹಾಕೋ ಜಾಗ ಅಲ್ಲ ಅದು."

"ಹೊಲಿಗೆ ಹಾಕ್ಬಿಟ್ಟಿದ್ದೀರಾ? ಪರವಾಗಿಲ್ಲ. ಪುನೀತಾ, ಕತ್ತರಿ ತಗೊಂಡ್ ಬಾರೋ!"

ಗೂನು ಹೊರಬೇಕಿದ್ದ ನಟ ಪುನೀತ ದಿನಾ ಜಿಮ್ಮಿಗೆ ಹೋಗುವ ಹುಡುಗ. ಅವನ ಬೆನ್ನು ಬಾಗಿಲಿನ ಹಲಗೆಯಂತಿತ್ತು. ಅವನು ಕತ್ತರಿ ಹಿಡಿದು ಓಡಿಬಂದು ನವಾಜನ ಅಂಗಿಯ ಕಾಲರಿಗೆ ಕೈಹಾಕಿದ. ಒಳಗೆ ಬೆರಳಿಟ್ಟ. ಬೆಚ್ಚಗಿತ್ತು. ಕತ್ತರಿ ಕೆಳಗೆ ಬಿತ್ತು.

"ಸಾರ್," ಎಂದ ಪುನೀತ ಸಣ್ಣ ದನಿಯಲ್ಲಿ, "ಇದು ಇವರದ್ದೇ."

ಆಮೇಲೆ ಶುರುವಾದ ಉಪಚಾರವೇ ನವಾಜನಿಗೆ ಕತ್ತರಿಗಿಂತ ಭಯಂಕರವಾಗಿ ಕಂಡಿತು. ಒಬ್ಬ ಕುರ್ಚಿ ತಂದ, ಇನ್ನೊಬ್ಬ ಎಳನೀರು ತಂದ, ಸತೀಶ್ ಅವನ ಎರಡೂ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ.

"ಅದೆಲ್ಲ ಬಿಡಿ ಸಾರ್. ಮೊದಲು ಮಾಲು ನೋಡಿ," ಎಂದು ನವಾಜ್ ಕಾಗದ ಬಿಡಿಸಿ ಗೂನನ್ನು ಮೇಜಿನ ಮೇಲಿಟ್ಟ. "ಅಂದ ಹಾಗೆ, ಇದನ್ನ ಹಾಕ್ಕೊಳ್ಳೋ ಪಾತ್ರ ಏನು ಮಾಡುತ್ತೆ?"

ಸತೀಶ್ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕೊನೆಗೆ ಪುನೀತನೇ ಹೇಳಿದ. "ಮಂತ್ರಿ ಪಾತ್ರ ಅಣ್ಣ. ರಾಜನ ಹಾಲಿಗೆ ವಿಷ ಹಾಕ್ತಾನೆ."

"ಯಾಕೆ?"

"ಯಾಕೆ ಅಂದ್ರೆ... ಗೂನು ಇದೆಯಲ್ಲ ಅಣ್ಣ, ಅದಕ್ಕೆ."

ನವಾಜ್ ಗೂನನ್ನು ಮತ್ತೆ ಕಾಗದದಲ್ಲಿ ಸುತ್ತಿ ಎದ್ದ. "ವಿಷ ಹಾಕೋಕೆ ನಾನು ಕೊಡಲ್ಲ ಸಾರ್. ನಾನು ಬೆಳಿಗ್ಗೆ ಎದ್ದು ಹಾಲಿಗೆ ಸಕ್ಕರೆ ಹಾಕ್ತೀನಿ. ಬೆನ್ನು ಡೊಂಕಿರೋರೆಲ್ಲ ಹಾಗೇ. ವಿಷ ಹಾಕೋನು ಬೇಕಾದ್ರೆ ನೆಟ್ಟಗಿರಲಿ, ನಿಮ್ಮ ಈ ಹುಡುಗನ ಥರ."

ಸತೀಶ್ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಕುಳಿತುಬಿಟ್ಟ. ತೆರೆ ಏಳಲು ಹೆಚ್ಚು ಹೊತ್ತಿರಲಿಲ್ಲ. ಥಟ್ಟನೆ ಟವೆಲ್ಲು ಕಿತ್ತೆಸೆದು ನವಾಜನನ್ನೇ ನೋಡಿದ.

"ಹಾಗಾದ್ರೆ ಮಂತ್ರಿ ನೀವೇ ಆಗಿ. ಒಳ್ಳೇ ಮಂತ್ರಿ. ಸೇನಾಪತಿ ವಿಷ ಹಾಕ್ತಾನೆ, ನೀವು ರಾಜನ್ನ ಉಳಿಸಿ. ಪುನೀತಾ, ನೀನು ಸೇನಾಪತಿ."

"ಅಯ್ಯೋ ಸಾರ್!" ಎಂದು ಪುನೀತ ಕೂಗಿಕೊಂಡ. "ನಂಗೆ ಹೆಣ್ಣು ಕೊಡೋರು ನಾಟಕ ನೋಡೋಕೆ ಬಂದು ಕೂತಿದ್ದಾರೆ. ಗೂನಿನೊಳಗಿದ್ರೆ ನಾನೇ ಅಂತ ಗೊತ್ತಾಗ್ತಿರಲಿಲ್ಲ. ನೆಟ್ಟಗೆ ನಿಂತು ವಿಷ ಹಾಕಿದ್ರೆ ನನ್ನೇ ನೋಡ್ತಾರೆ!"

"ನೋಡ್ಲಿ ಬಿಡಪ್ಪ," ಎಂದ ನವಾಜ್. "ನನ್ನನ್ನ ಇಷ್ಟು ವರ್ಷ ನೋಡಿಲ್ವಾ?"

ತೆರೆ ಎದ್ದಿತು. ರೇಷ್ಮೆ ರುಮಾಲು, ಕೈಯಲ್ಲಿ ಬೆಳ್ಳಿ ಬಣ್ಣ ಬಳಿದ ಬೆತ್ತ. ಮಂತ್ರಿ ನವಾಜ್ ರಂಗಕ್ಕೆ ಕಾಲಿಟ್ಟ. ತಬಲಾದವನಿಗೆ ಬದಲಾದ ಕತೆ ಯಾರೂ ಹೇಳಿರಲಿಲ್ಲ. ಗೂನು ಕಂಡದ್ದೇ ತಡ, ಅಭ್ಯಾಸಬಲದಿಂದ ಢಂ, ಢಂ, ಢಢಂ ಎಂದು ಬಾರಿಸಿಬಿಟ್ಟ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ "ಬಂದ ನೋಡು ಹಾಳಾದೋನು" ಎಂದಳು.

ತೆರೆಯ ಹಿಂದೆ ಸತೀಶ್ ಅವಸರದಲ್ಲಿ ಹೇಳಿಕೊಟ್ಟಿದ್ದ ಮಾತು ನವಾಜನಿಗೆ ಮರೆತೇಹೋಯಿತು. ಅವನು ಬೆತ್ತವನ್ನು ನೆಲಕ್ಕೆ ಕುಟ್ಟಿ ತಬಲಾದವನ ಕಡೆ ತಿರುಗಿದ.

"ವಾದ್ಯದವರೇ, ನಾನು ಒಳ್ಳೆಯ ಮಂತ್ರಿ. ಬೇರೆ ಏನಾದರೂ ಬಾರಿಸಿ."

ಸಭೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಹೋ ಎಂದು ನಕ್ಕು, ಚಪ್ಪಾಳೆ ತಟ್ಟಿತು. ಆ ನಗು ಅವನಿಗೆ ಗೊತ್ತಿದ್ದ ನಗು ಅಲ್ಲ. ಅದು ಅವನ ಮಾತಿಗೆ ಬಂದದ್ದು, ಬೆನ್ನಿಗಲ್ಲ. ತಬಲಾದವನು ನಾಚಿಕೊಂಡು ಮದುವೆ ದಿಬ್ಬಣದ ತಾಳ ಹಿಡಿದ. ಅದೇ ತಾಳಕ್ಕೆ ನವಾಜ್ ತಲೆಯೆತ್ತಿ, ಎದೆಯುಬ್ಬಿಸಿ, ಬಲಭುಜವನ್ನು ಕಿರೀಟದಂತೆ ಮೇಲಿಟ್ಟುಕೊಂಡು ರಂಗದ ಈ ತುದಿಯಿಂದ ಆ ತುದಿಗೆ ನಡೆದ. ಪುನೀತ ಮುಖವನ್ನು ಆದಷ್ಟು ಗೋಡೆಯ ಕಡೆ ತಿರುಗಿಸಿಕೊಂಡೇ ವಿಷ ಹಾಕಿದ. ನವಾಜ್ ರಾಜನ ಕೈಯಿಂದ ಲೋಟ ಕಿತ್ತು ಎಸೆದಾಗ, ಅಜ್ಜಿ ಎದ್ದು ನಿಂತು, "ಬಿಡಬೇಡ ಮಂತ್ರಿ, ಆ ನೆಟ್ಟಗಿರೋನೇ ಕಳ್ಳ!" ಎಂದು ಕೂಗಿದಳು.

ಸಂಜೆ ಬಹುಮಾನ ವಿತರಣೆ. ತೀರ್ಪುಗಾರರು ನಿವೃತ್ತ ಅಧ್ಯಾಪಕರು, ರಂಗಭೂಮಿಯನ್ನು ಅರೆದು ಕುಡಿದವರೆಂದು ಹೆಸರು. ಉತ್ತಮ ನಟನ ಹೆಸರು ಹೇಳುವ ಮೊದಲು ಅವರು ಕನ್ನಡಕ ಒರೆಸಿಕೊಂಡರು.

"ಈ ದಿನ ಎರಡು ನಾಟಕಗಳಲ್ಲಿ ಗೂನು ಬೆನ್ನಿನ ಪಾತ್ರಗಳಿದ್ದವು. ಸತೀಶ್ ತಂಡದ ಮಂತ್ರಿ ಚೆನ್ನಾಗಿ ಮಾತಾಡಿದರು. ಆದರೆ ಆ ನಡಿಗೆ? ಗೂನು ಇರುವವನು ಅಷ್ಟು ಠೀವಿಯಿಂದ ತಲೆಯೆತ್ತಿ ನಡೆಯುತ್ತಾನೆಯೇ? ನೋವು ಎಲ್ಲಿ? ಕೀಳರಿಮೆ ಎಲ್ಲಿ? ಕಲಾವಿದರು ನಿಜವಾದ ಗೂನು ಇರುವವರನ್ನು ಒಮ್ಮೆಯಾದರೂ ಹತ್ತಿರದಿಂದ ಗಮನಿಸಬೇಕಿತ್ತು."

ಉತ್ತಮ ನಟ ಬಹುಮಾನ ಇನ್ನೊಂದು ತಂಡದವನಿಗೆ ಹೋಯಿತು. ಅವನು ಬೆನ್ನಿಗೆ ದಿಂಬು ಕಟ್ಟಿಕೊಂಡು, ಹೆಜ್ಜೆಗೊಮ್ಮೆ ನರಳಿ, ಎರಡು ಸಲ ಬಿದ್ದಿದ್ದ. ಸತೀಶ್ ಎದ್ದು ಕೂಗಲು ಹೊರಟಾಗ ನವಾಜ್ ಅವನ ಟವೆಲ್ಲು ಹಿಡಿದೆಳೆದು ಕೂರಿಸಿದ. "ಬೇಡ ಸಾರ್. ಗೂನು ತೋರಿಸಿ ಕಪ್ ತಗೊಂಡ ಅಂತ ಆಗೋದು ಬೇಡ."

"ಆದರೆ," ಎಂದರು ತೀರ್ಪುಗಾರರು ದನಿ ಏರಿಸಿ, "ಪ್ರಸಾಧನ! ನನ್ನ ಜೀವಮಾನದಲ್ಲಿ ಇಂಥ ಗೂನು ನೋಡಿಲ್ಲ. ಏನು ವಾಸ್ತವತೆ! ಉತ್ತಮ ಪ್ರಸಾಧನ ಬಹುಮಾನ ಈ ಗೂನಿಗೆ. ಇದನ್ನು ಮಾಡಿದ ಕಲಾವಿದರು ದಯವಿಟ್ಟು ವೇದಿಕೆಗೆ ಬರಬೇಕು."

ತಂಡದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುನೀತ ಬಾಯಿಗೆ ಕರವಸ್ತ್ರ ತುರುಕಿಕೊಂಡ. ನವಾಜ್ ನಿಧಾನವಾಗಿ ಎದ್ದು, ಮೆಟ್ಟಿಲು ಹತ್ತಿ ಹೋದ.

"ಓ, ಇನ್ನೂ ವೇಷ ಬಿಚ್ಚೇ ಇಲ್ಲ!" ಎಂದು ತೀರ್ಪುಗಾರರು ನಕ್ಕರು. "ಇದನ್ನು ಮಾಡಿದ್ದು ನೀವೇನಾ?"

"ಅಲ್ಲ ಸಾರ್," ಎಂದ ನವಾಜ್ ಮೈಕಿನಲ್ಲಿ. "ನಮ್ಮಮ್ಮ. ರೋಶನ್ ಬೀ ಅಂತ."

"ಅದ್ಭುತ ಕಲಾವಿದೆ! ಎಲ್ಲಿ ಕಲಿತರಂತೆ?"

"ಎಲ್ಲೂ ಕಲಿತಿಲ್ಲ ಸಾರ್. ನಾನು ಹಿರೀ ಮಗ. ಮೊದಲನೇ ಸಲಕ್ಕೇ ಬಂದುಬಿಡ್ತು."

ತೀರ್ಪುಗಾರರಿಗೆ ಅರ್ಥವಾಗಲಿಲ್ಲ. ಆದರೂ "ರೋಶನ್ ಬೀಯವರಿಗೆ ಜೋರಾದ ಚಪ್ಪಾಳೆ!" ಎಂದರು. ಸಭೆಯೆಲ್ಲ ಎದ್ದು ನಿಂತು ತಟ್ಟಿತು.

ಕಪ್ಪನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬರುವಾಗ ನವಾಜ್ ಒಂದೇ ಮಾತು ಯೋಚಿಸುತ್ತಿದ್ದ. ಮಗನ ಬೆನ್ನು ಬಾಗಿದಾಗ ನೆಂಟರೆಲ್ಲ ತಾಯಿಯನ್ನೇ ಹಿಡಿದುಕೊಂಡಿದ್ದರು: ಬಸುರಿಯಾಗಿದ್ದಾಗ ಗ್ರಹಣ ನೋಡಿದ್ಯಾ, ಮಗುವನ್ನು ಸರಿಯಾಗಿ ಎತ್ತಲಿಲ್ವಾ, ಏನು ತಪ್ಪು ಮಾಡಿದೆ. ಆಕೆ ಯಾರಿಗೂ ಉತ್ತರ ಕೊಟ್ಟವಳಲ್ಲ. ಇವತ್ತು ಒಂದು ಸಭೆಯೇ ಎದ್ದು ನಿಂತು ಆಕೆಯ ಕೆಲಸಕ್ಕೆ ಚಪ್ಪಾಳೆ ತಟ್ಟಿದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿ, ನಡೆದದ್ದನ್ನೆಲ್ಲ ಹೇಳಿ ಕಪ್ಪನ್ನು ತಾಯಿಯ ಕೈಗಿಟ್ಟ. ರೋಶನ್ ಬೀ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೆರಗಿನಿಂದ ಒರೆಸಿದಳು. ಕಣ್ಣನ್ನೂ ಅದೇ ಸೆರಗಿನಿಂದ ಒರೆಸಿಕೊಂಡಳು.

ಆಮೇಲೆ ಒಳಗೆ ಕೂರಲೇ ಇಲ್ಲ. ಕಪ್ಪನ್ನು ಎತ್ತಿಕೊಂಡು ಬೀದಿಗಿಳಿದಳು. ಹೂವಿನ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಕಾಶಮ್ಮನನ್ನು ಅಡ್ಡಗಟ್ಟಿದಳು.

"ನೋಡು ಕಾಶಮ್ಮ, ನಾನು ಮಾಡಿದ್ದಕ್ಕೆ ಭದ್ರಾವತಿಯಲ್ಲಿ ಫಸ್ಟ್ ಪ್ರೈಜು!"

"ಹೌದಾ ಮಾರಾಯ್ತಿ! ಮತ್ತೆ ನವಾಜಂಗೆ?"

"ಅವನೂ ಏನೋ ಆಕ್ಟಿಂಗ್ ಮಾಡಿದ್ನಂತೆ, ಪಾಪ. ಏನೂ ಬರಲಿಲ್ಲ," ಎಂದು ರೋಶನ್ ಬೀ ತಲೆಯಾಡಿಸಿದಳು. ಬಾಗಿಲಲ್ಲಿ ನಿಂತಿದ್ದ ಮಗನ ಹತ್ತಿರ ಬಂದು, ಆ ಎತ್ತರದ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದಳು.

"ಬೇಜಾರು ಮಾಡ್ಕೋಬೇಡ ಬೇಟಾ. ನಾನು ಮಾಡಿದಷ್ಟು ಮನಸ್ಸಿಟ್ಟು ಮಾಡು. ಮುಂದಿನ ಸಲ ನಿಂಗೂ ಬರುತ್ತೆ."