ಅತ್ತೆಯ ಗುಲಾಬಿ ಸೀಸೆ

ತಪ್ಪು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಸೋದರತ್ತೆಯ ಕೋಟ್ಯಂತರ ಸಾಕುಪ್ರಾಣಿಗಳನ್ನು ತೆಂಗಿನಮರದ ಬುಡಕ್ಕೆ ಸುರಿದವನು ನಾನೇ.

ಜನ ನಾಯಿ ಸಾಕುತ್ತಾರೆ, ಎಮ್ಮೆ ಸಾಕುತ್ತಾರೆ. ತಿಪಟೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಮ್ಮತ್ತೆ ಸಾಕಿದ್ದು ಉಪ್ಪುನೀರಿನ ಸೂಕ್ಷ್ಮಜೀವಿಗಳನ್ನು! ಕಡಲಂಚಿನ ಉಪ್ಪಿನ ಗದ್ದೆಯಿಂದ ಹಳೇ ಶಿಷ್ಯೆಯೊಬ್ಬಳು ತಂದುಕೊಟ್ಟ ಗುಲಾಬಿ ನೀರು, ಒಂದು ಗಾಜಿನ ಸೀಸೆಯಲ್ಲಿ. ಹೊನ್ನವಳ್ಳಿಯ ನಮ್ಮ ತಾರಸಿಯಲ್ಲಿ ಬಿಸಿಲು ಸರಿದ ಕಡೆಗೆಲ್ಲ ಅತ್ತೆ ಸೀಸೆ ಸರಿಸುತ್ತಿದ್ದರು. ನೆರಳು ಬೀಳುತ್ತೆ, ತೆಂಗಿನ ಎರಡು ಗರಿ ಕಡಿಸು ಎಂದು ಒಮ್ಮೆ ಅಪ್ಪನಿಗೇ ಹೇಳಿದರು.

"ಅಕ್ಕಯ್ಯ, ಮರ ನೋಡ್ಕಂಡು ಮನೆ ಕಟ್ಟಿರೋ ವಂಶ ನಮ್ದು. ಸೀಸೆ ನೋಡ್ಕಂಡು ಗರಿ ಕಡಿಯಕಾಯ್ತದಾ?" ಅಂದರು ಅಪ್ಪ.

ಈ ಜೀವಿಗಳು ಬೆಳಕಿನಿಂದ ಪಂಪು ಓಡಿಸುತ್ತವೆ ಎಂಬುದು ಅತ್ತೆಯ ಮೂವತ್ತು ವರ್ಷದ ಪಾಠ. ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ. ನಾನೂ ಅವರ ವಿದ್ಯಾರ್ಥಿಯೇ; ನಮ್ಮ ತರಗತಿಗೆ ಅದು ನಿದ್ದೆಯ ಪೀರಿಯಡ್ಡು. ನಾನೊಬ್ಬ ಎಚ್ಚರವಿರುತ್ತಿದ್ದೆ. ಭಕ್ತಿಯಿಂದಲ್ಲ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಹಾಗೆ ಮಾಡಿ ತೋರಿಸಬೇಕಲ್ಲ? ಒಂದು ದಿನ ಕೈಯೆತ್ತಿ, "ಮಿಸ್, ಅದು ಪಂಪ್ ಹೊಡಿಯೋದನ್ನ ನೀವು ಕಣ್ಣಾರೆ ನೋಡಿದೀರಾ?" ಎಂದೆ. ಅತ್ತೆ ಸೀಮೆಸುಣ್ಣ ಕೆಳಗಿಟ್ಟು "ಇಲ್ಲ" ಅಂದರು. ತರಗತಿಯೆಲ್ಲ ನಕ್ಕಿತು.

ಈ ವರ್ಷ ಅವರ ನಿವೃತ್ತಿ. ಅದರೊಳಗೆ ಒಮ್ಮೆ ನೋಡಿಬಿಡಬೇಕೆಂದು ತರಿಸಿಕೊಂಡ ಸೀಸೆ ಅದು. ಅತ್ತೆ ಊರಲ್ಲಿಲ್ಲದ ದಿನ ಅಮ್ಮ ಅದನ್ನು ಉಪ್ಪಿನಕಾಯಿ ಭರಣಿಗಳ ಪಕ್ಕ ಇಟ್ಟಿದ್ದಳು. ಅತ್ತೆಯ ಸೀಸೆಯೆಂದು ಹೊಳೆಯಲೇ ಇಲ್ಲ, ಮಾವಿನಕಾಯಿಯ ಉಪ್ಪುನೀರು ಕೆಟ್ಟು ಕೆಂಪಾಗಿದೆ ಅಂದುಕೊಂಡೆ. ತೆಂಗಿಗೆ ಉಪ್ಪು ಒಳ್ಳೆಯದೆಂದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಸುರಿದೆ.

"ಅಂತೂ ತೋಟದ ಕೆಲ್ಸ ಒಂದು ಮಾಡ್ದ ಕಣಪ್ಪ," ಅಂದರು ಅಪ್ಪ. ಊರಿಂದ ಬಂದ ಅತ್ತೆ ಖಾಲಿ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಅದೇ ತಡೆಯಲಾಗಲಿಲ್ಲ.

ಕೊನೆಗೆ ವಿಜ್ಞಾನವನ್ನು ಕಾಪಾಡಿದ್ದು ನನ್ನ ಸೋಮಾರಿತನ. ಸೀಸೆಯನ್ನು ತೊಳೆದೇ ಇರಲಿಲ್ಲ! ತಳದ ನಾಲ್ಕು ಹನಿಗೆ ಅತ್ತೆ ಹೊಸ ಉಪ್ಪುನೀರು, ಒಂದಿಷ್ಟು ಆಹಾರ ಬೆರೆಸಿದರು. ಬಿಸಿಲಿನ ಹಿಂದೆ ಸೀಸೆ ಸರಿಸುವ ಕೆಲಸ ನನ್ನದಾಯಿತು. ನಿವೃತ್ತಿಗೆ ವಾರವಿರುವಾಗ ನೀರು ಮತ್ತೆ ಗುಲಾಬಿಯಾಯಿತು.

ಆಮ್ಲ ಅಳೆಯುವ ಮೀಟರಿನ ಕಡ್ಡಿ ಇಳಿಸಿ, ಗಾಳಿಯಾಡದಂತೆ ಬಾಯಿ ಬಿಗಿದು, ಅತ್ತೆ ಸೀಸೆಗೆ ಕಪ್ಪು ಬಟ್ಟೆ ಹೊದಿಸಿದರು. ಮೀಟರಿನ ಅಂಕಿ ನಿಂತಿತು. ಬಟ್ಟೆ ತೆಗೆದರು. ಕೊಂಚ ಹೊತ್ತು ಏನೂ ಇಲ್ಲ. ಆಮೇಲೆ ಅಂಕಿ ಮೆಲ್ಲಗೆ ಇಳಿಯಿತು. ಹೊದಿಸಿದರೆ ಏರಿತು, ತೆಗೆದರೆ ಇಳಿಯಿತು. ಮೂರು ಸಲ!

"ಇಳಿದ್ರೆ ಏನಂತೆ?" ಎಂದರು ಅಪ್ಪ. ಅತ್ತೆ ಮೀಟರಿನಿಂದ ಕಣ್ಣು ಕೀಳಲಿಲ್ಲ.

ನಾನು ಎದ್ದೆ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಇಲ್ಲದ ಸೆರಗನ್ನು ಸರಿಮಾಡಿ, ಅತ್ತೆಯದೇ ದನಿಯಲ್ಲಿ ಶುರುಮಾಡಿದೆ:

"ನೋಡ್ರಪ್ಪಾ, ಜೀವಕೋಶದ ಪೊರೆಯಲ್ಲಿ ಒಂದು ನೇರಳೆ ಅಣು. ಅದರ ಹೊಟ್ಟೆಯಲ್ಲಿ, ನಮ್ಮ ಕಣ್ಣಲ್ಲಿ ಬೆಳಕು ಹಿಡಿಯೋ ಅಣುವಿಗಿರೋ ಅಂಥದ್ದೇ ಒಂದು ಬಾಲ. ಬೆಳಕು ಬಿದ್ರೆ ಬಾಲ ಬಾಗುತ್ತೆ, ಒಂದು ಪ್ರೋಟಾನು ಆಚೆ ಹೋಗುತ್ತೆ. ನೆಟ್ಟಗಾಗೋ ಹೊತ್ತಿಗೆ ಒಳಗಿಂದ ಇನ್ನೊಂದು ಹತ್ತಿಕೊಳ್ಳುತ್ತೆ. ಆಚೆ ಪ್ರೋಟಾನು ಹೆಚ್ಚಿದ್ರೆ ನೀರು ಹುಳಿ; ಹುಳಿ ಹೆಚ್ಚಿದಷ್ಟೂ ಈ ಮೀಟರಿನ ಅಂಕಿ ಇಳಿಯುತ್ತೆ. ಆಚೆ ನಿಂತವು ಒಳಗೆ ನುಗ್ಗೋ ಕಿಂಡಿಯಲ್ಲಿ ಒಂದು ಚಕ್ರ. ಅದು ತಿರುಗಿದ್ರೇನೇ ಆ ಜೀವಕ್ಕೆ ಶಕ್ತಿ."

ಅಪ್ಪ ಸೀಸೆಯನ್ನೇ ನೋಡಿದರು. "ಕರೆಂಟ್ ಬರೋಗಂಟ ಕಾಯೋ ಹಂಗೇ ಇಲ್ವಾ ಇವುಕ್ಕೆ? ಅಕ್ಕಯ್ಯ, ನಾಳೆ ಆ ಗರಿ ಕಡಿಸ್ತೀನಿ ಬುಡು."

ಅತ್ತೆಯ ಕಣ್ಣು ತುಂಬಿತ್ತು. ನನಗೆ ಗಾಬರಿಯಾಯಿತು. "ಸುಮ್ನೆ ಅಣಕಿಸ್ದೆ ಅತ್ತೆ, ಬ್ಯಾಸ್ರ ಮಾಡ್ಕಬ್ಯಾಡಿ," ಎಂದೆ.

"ಅಣಕಿಸೋಕೂ ಕೇಳಿಸ್ಕಂಡಿರಬೇಕು ಕಣ್ಲಾ," ಅಂದರು ಅತ್ತೆ, ಕನ್ನಡಕ ಒರೆಸಿಕೊಳ್ಳುತ್ತ. "ಮೂವತ್ತು ವರ್ಷದಲ್ಲಿ ಒಬ್ನಾದ್ರೂ ಕೇಳಿಸ್ಕಂಡಿದ್ದ ಅಂತ ಇವತ್ತು ಗೊತ್ತಾಯ್ತು, ಬುಡು."